ಉಣುಗಿಗೆ ಇಲಾಖೆ ಗೊತ್ತಿಲ್ಲ

ಕೊನೆಕೊಯ್ಲು ಮುಗೀತಾ ಬಂತು. ಇನ್ನು ಬೆಟ್ಟದ ದರಕು ಗುಡಿಸಿ ಕೊಟ್ಟಿಗೆಗೆ, ತೋಟಕ್ಕೆ ತರೋ ಕಾಲ. ಮಂಗನ ಕಾಯಿಲೆ ಕಾಲವೂ ಇದೇ. ಹಾಗಾಗಿ ಈ ಸಲ ಗೊಬ್ಬರ, ಔಷಧಿ ಲೆಕ್ಕ ಬಿಟ್ಟು ಇದರ ಬಗ್ಗೆ ಬರೀತಿದ್ದೇನೆ.

1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತು ಸಿಕ್ಕಿದ ಕಾಯಿಲೆ ಇದು. 2019ರಲ್ಲಿ ಸಾಗರದ ಅರಳಗೋಡು ಕಡೆ ಏನಾಯ್ತು ಅಂತ ಎಲ್ಲರಿಗೂ ನೆನಪಿದೆ. ಕಾಯಿಲೆ ಬಂದವರಲ್ಲಿ ನೂರಕ್ಕೆ 3ರಿಂದ 5 ಜನ ಉಳಿಯಲ್ಲ. ಹಳೇ ಲಸಿಕೆ ಸರಿಯಾಗಿ ಕೆಲಸ ಮಾಡಲ್ಲ ಅಂತ ಕೊಡೋದು ನಿಲ್ಲಿಸಿಯಾಗಿದೆ. ಈ ವೈರಸ್ಸಿಗೇ ಅಂತ ಔಷಧಿಯೂ ಇಲ್ಲ. ಬರದ ಹಾಗೆ ನೋಡ್ಕೊಳ್ಳೋದೇ ದಾರಿ.

ಯಾರಿಗೆ ಬರ್ತದೆ ನೋಡಿ. ದರಕು ಗುಡಿಸೋ ಕೂಲಿ ಹೆಂಗಸರಿಗೆ, ಸೌದೆಗೆ ಹೋಗೋರಿಗೆ, ಕಾಡಂಚಲ್ಲಿ ದನ ಮೇಯಿಸೋರಿಗೆ. ದರಕು ನಮ್ಮ ತೋಟಕ್ಕೆ ಬರ್ತದೆ, ಉಣುಗು ಅವರ ಕಾಲಿಗೆ ಹತ್ತುತ್ತದೆ. ತೋಟ ಇರೋನು ಜ್ವರ ಬಂದ ದಿನವೇ ಕಾರು ಹತ್ತಿ ಶಿವಮೊಗ್ಗಕ್ಕೆ ಹೋಗ್ತಾನೆ. ಕೂಲಿಯವರು ಮಾತ್ರೆ ನುಂಗಿ ಎರಡು ದಿನ ನೋಡ್ತಾರೆ. ಚಿಕಿತ್ಸೆ ಪುಕ್ಕಟೆ ಸಿಕ್ಕರೂ ಹೋದ ಕೂಲಿ ವಾಪಸ್ ಬರಲ್ಲ, ಜೊತೆಗೆ ಆಸ್ಪತ್ರೆಯಲ್ಲಿ ಕೂತವರ ಕೂಲಿಯೂ ಹೋಯ್ತು.

ಈಗ ಇಲಾಖೆಗಳ ಕಥೆ. ಮಂಗ ಸತ್ತರೆ ಅರಣ್ಯ ಇಲಾಖೆ. ಅದರ ಮರಣೋತ್ತರ ಪರೀಕ್ಷೆಗೆ, ದನದ ಮೈಮೇಲಿನ ಉಣುಗಿಗೆ ಪಶು ಇಲಾಖೆ. ಮನುಷ್ಯನಿಗೆ ಜ್ವರ ಬಂದರೆ ಆರೋಗ್ಯ ಇಲಾಖೆ. ಊರಿಗೆ ಸುದ್ದಿ ಮುಟ್ಟಿಸೋದಕ್ಕೆ ಪಂಚಾಯಿತಿ. ಉಣುಗಿಗೆ ಈ ಲೆಕ್ಕ ಯಾವುದೂ ಇಲ್ಲ. ಸತ್ತ ಮಂಗನ ಮೈಯಿಂದ ಇಳಿದು ಅಲ್ಲೇ ಸುತ್ತ ಹರಡ್ತದೆ. ಕಾಗದ ಒಂದು ಆಫೀಸಿಂದ ಇನ್ನೊಂದಕ್ಕೆ ಹೋಗೋ ಹೊತ್ತಿಗೆ ಅದೇ ಜಾಗದಲ್ಲಿ ಯಾರೋ ಕಲ್ಲಿ ಹಿಡಿದು ದರಕು ತುಂಬ್ತಿರ್ತಾರೆ. ಕಚ್ಚಿ 3ರಿಂದ 8 ದಿನಕ್ಕೆ ಜ್ವರ, ತಲೆನೋವು, ವಿಪರೀತ ಮೈಕೈ ನೋವು.

ಜಿಲ್ಲೆ, ತಾಲೂಕು ಮಟ್ಟದಲ್ಲಿ ಸಭೆ ಆಗ್ತವೆ, ಇಲ್ಲ ಅನ್ನಲ್ಲ. ಆದ್ರೆ ಕೆಲಸ ಆಗಬೇಕಾದ್ದು ಪಂಚಾಯಿತಿ ಮಟ್ಟದಲ್ಲಿ. ನನ್ನ ಪ್ರಕಾರ ನವೆಂಬರಿಂದ ಮೇ ತನಕ ಪಿಡಿಒ, ಫಾರೆಸ್ಟ್ ಗಾರ್ಡ್, ದನದ ಡಾಕ್ಟ್ರು, ಪಿಎಚ್‌ಸಿಯವರು, ಆಶಾ ಕಾರ್ಯಕರ್ತೆಯರು ಹದಿನೈದು ದಿನಕ್ಕೊಮ್ಮೆ ಒಟ್ಟಿಗೆ ಕೂರಬೇಕು. ಕೇಳಬೇಕಾದ್ದು ಇಷ್ಟೇ:

1. ಮಂಗ ಸತ್ತ ಸುದ್ದಿ ಅದೇ ದಿನ ಐದೂ ಕಡೆಗೆ ಮುಟ್ಟಬೇಕು. ಒಂದು ವಾಟ್ಸಾಪ್ ಗ್ರೂಪ್ ಸಾಕು. ಯಾವ ಬೆಟ್ಟ ಅಂತ ಹೆಸರು ಹೇಳಿ ಊರಲ್ಲಿ ಸಾರಬೇಕು.

2. ಡೆಪಾ ಎಣ್ಣೆ ಪಿಎಚ್‌ಸಿಯಲ್ಲಿ ಇದ್ರೆ ಸಾಲದು. ಕಾಡಿಗೆ ಹೋಗೋರ ಕೇರಿಗೆ, ಅವರು ಬೆಳಿಗ್ಗೆ ಹೊರಡೋ ಮುಂಚೆ ಸಿಗಬೇಕು.

3. ದೊಡ್ಡ ಉಣುಗು ಬೆಳೆಯೋದು ದನದ ರಕ್ತ ಕುಡಿದು. ಉಣುಗಿನ ಔಷಧಿ ಡೈರಿಗೆ ಹಾಲು ಹಾಕೋರ ಹಸುಗಳಿಗಷ್ಟೇ ಅಲ್ಲ, ಕಾಡಿಗೆ ಬಿಡೋ ಮಲೆನಾಡು ಗಿಡ್ಡಕ್ಕೂ ಸಿಗಬೇಕು.

4. ಮಂಗ ಸತ್ತ ಕಡೆ ಹೋಗಬೇಡಿ ಅಂದ್ರೆ ಅವರು ಆ ದಿನದ ಕೂಲಿಗೆ ಏನು ಮಾಡ್ಬೇಕು? ಪಂಚಾಯಿತಿಯವರು ಉದ್ಯೋಗ ಖಾತರಿ ಕೆಲಸ ಆ ವಾರವೇ ಊರೊಳಗೆ ಶುರು ಮಾಡಬೇಕು. ಇದೊಂದು ಇಲ್ಲದಿದ್ರೆ ಉಳಿದ ಮೂರೂ ಉಪದೇಶ ಮಾತ್ರ.

ಇದಕ್ಕೆ ಹೊಸ ಹುದ್ದೆ, ಹೊಸ ಕಟ್ಟಡ ಏನೂ ಬೇಡ. ಇರೋರೇ ಒಬ್ಬರಿಗೊಬ್ಬರು ಫೋನ್ ಮಾಡ್ಕೊಂಡ್ರೆ ಅರ್ಧ ಕೆಲಸ ಆಯ್ತು.

ತೋಟದವರ ಪಾಲಿಗೂ ಕೆಲಸ ಇದೆ ಮಾರಾಯ್ರೆ. ಕೆಲಸಕ್ಕೆ ಕರೆಯೋ ಮುಂಚೆ ಆ ಬೆಟ್ಟದ ಸುದ್ದಿ ಏನು ಅಂತ ಗಾರ್ಡ್‌ಗೋ ಆಶಾ ಅವರಿಗೋ ಕೇಳಿ. ಎಣ್ಣೆ ಹಚ್ಚದೆ ಯಾರನ್ನೂ ಕಳಿಸಬೇಡಿ. ಸಂಜೆ ಬಿಸಿನೀರು, ಸೋಪು ಕೊಟ್ಟು ಸ್ನಾನ ಮಾಡಿಸಿಯೇ ಮನೆಗೆ ಕಳಿಸಿ, ಬಟ್ಟೆನೂ ಬಿಸಿನೀರಲ್ಲೇ ಒಗೀಲಿ. ಜ್ವರ ಅಂದ್ರೆ ನಿಮ್ಮ ಗಾಡಿಯಲ್ಲೇ ಪಿಎಚ್‌ಸಿಗೆ ಬಿಡಿ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಕಾಲುಸಂಕದ ಜೊತೆ ಈ ನಾಲ್ಕು ವಿಷಯವನ್ನೂ ಎತ್ತಿ, ನಡಾವಳಿಯಲ್ಲಿ ಬರೆಸಿ. ನಿಮ್ಮ ಪಂಚಾಯಿತಿಯಲ್ಲಿ ಆಗಲೇ ಹೀಗೆ ನಡೀತಿದ್ರೆ ಹೇಗೆ ಅಂತ ತಿಳಿಸಿ, ನಮ್ಮಲ್ಲೂ ಕೇಳ್ತೇವೆ.