ಹೊಂಚು ಹಾಕುವ ಪಾರ್ವೊ

ಮುಧೋಳ ನಾಯಿಯ ಮರಿ ಸಾಕಿದವರು ‘ಪಾರ್ವೊ’ ಎಂದರೆ ನಡುಗುತ್ತಾರೆ. ವಾಂತಿ, ರಕ್ತಭೇದಿ ಶುರುವಾದ ಎರಡು-ಮೂರು ದಿನಗಳಲ್ಲೇ ಮರಿ ಕೈತಪ್ಪಬಹುದು. 1978ರಲ್ಲಿ ಗುರುತಿಸಲಾದ ಈ ವೈರಸ್ ಮರಿಗಳನ್ನೇ ಹೆಚ್ಚು ಕಾಡುವುದೇಕೆ?

ವಿದ್ಯಾರ್ಥಿಗಳೇ, ಪಾರ್ವೊ ಬಳಿ ಇರುವುದು ಒಂಟಿ ಎಳೆಯ ಪುಟ್ಟ ಡಿಎನ್‌ಎ. 5,000ಕ್ಕೆ ತುಸು ಹೆಚ್ಚು ನ್ಯೂಕ್ಲಿಯೊಟೈಡ್‌ಗಳು, ಅಷ್ಟೇ. ಅದನ್ನು ನಕಲು ಮಾಡುವ ಪಾಲಿಮರೇಸ್ ಕಿಣ್ವ ಅದಕ್ಕಿಲ್ಲ. ಆದ್ದರಿಂದ ಜೀವಕೋಶದ ಕೋಶಕೇಂದ್ರ ಸೇರಿ ಕಾಯುತ್ತದೆ. ಕೋಶ ವಿಭಜನೆಗೆ ಅಣಿಯಾಗಿ ತನ್ನ ಡಿಎನ್‌ಎ ನಕಲಿಸತೊಡಗಿದಾಗ ಇದಕ್ಕೂ ಸುಗ್ಗಿ!

ಆದರೆ ಪಾಲಿಮರೇಸ್ ಹೊಸ ಎಳೆಯನ್ನು ಶೂನ್ಯದಿಂದ ಆರಂಭಿಸಲಾರದು. ಇದ್ದ ತುದಿಯನ್ನಷ್ಟೇ ಬೆಳೆಸಬಲ್ಲದು. ಬನಹಟ್ಟಿಯ ನೇಕಾರರು ಮಗ್ಗದಲ್ಲಿ ಉಳಿದ ಹಳೆಯ ಹಾಸಿನ ತುದಿಗೇ ಹೊಸ ಎಳೆ ಕೆಚ್ಚುವುದಿಲ್ಲವೇ, ಹಾಗೆ. ಪಾರ್ವೊದ ಉಪಾಯ ನೋಡಿ: ಅದರ ಡಿಎನ್‌ಎ ತುದಿ ಹೇರ್‌ಪಿನ್ನಿನಂತೆ ತನ್ನ ಮೇಲೆಯೇ ಮಡಚಿಕೊಂಡಿರುತ್ತದೆ. ಆ ಮಡಿಕೆಯ ತುದಿಯಿಂದಲೇ ಕೋಶದ ಪಾಲಿಮರೇಸ್ ಎರಡನೆಯ ಎಳೆಯನ್ನು ಹೆಣೆಯುತ್ತದೆ.

ಮರಿಯ ಕರುಳಿನ ಒಳಪದರ, ಮೂಳೆಮಜ್ಜೆಗಳ ಕೋಶಗಳು ಬಿಡುವಿಲ್ಲದೆ ವಿಭಜಿಸುತ್ತವೆ. ಪೆಟ್ಟು ಬೀಳುವುದೂ ಅಲ್ಲೇ. ತಾಯಿಯ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳು ಕೆಲವು ವಾರ ಮರಿಯನ್ನು ಕಾಯುತ್ತವೆ. ಆದರೆ ಲಸಿಕೆಗೂ ಅವೇ ಅಡ್ಡಿ! ಅದಕ್ಕೇ ಪಶುವೈದ್ಯರು 6ರಿಂದ 8ನೆಯ ವಾರಕ್ಕೆ ಮೊದಲ ಲಸಿಕೆ ಹಾಕಿ, 16 ವಾರ ತುಂಬುವವರೆಗೆ ಮತ್ತೆ ಮತ್ತೆ ಕರೆಯುವುದು.