ನಾಳಿನ ಉಪಾಧ್ಯಾಯನೂ ಹೊಸ ಉಪಕರಣಗಳೂ

ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಹಲವರು ಮುಂದೆ ಉಪಾಧ್ಯಾಯರಾಗತಕ್ಕವರು. ಪದವಿ ಮುಗಿಸಿ, ಶಿಕ್ಷಣ ತರಬೇತಿ ಪಡೆದು, ಇನ್ನು ಐದಾರು ವರ್ಷಗಳೊಳಗೆ ಯಾವುದಾದರೊಂದು ಶಾಲೆಯ ಕರಿಹಲಗೆಯ ಮುಂದೆ ಅವರು ನಿಲ್ಲುವರು. ಆ ಶಾಲೆ ದೊಡ್ಡ ನಗರದಲ್ಲಿಯೇ ಇರಬೇಕೆಂದಿಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯಲ್ಲಿರುವ ವಳಕಮದಿನ್ನಿಯಂತಹ ಹಳ್ಳಿಯ ಶಾಲೆಯೂ ಆಗಬಹುದು. ಅಲ್ಲಿಗೆ ಹೋಗುವಾಗ ಅವರ ಜೇಬಿನಲ್ಲಿ ಒಂದು ಮೊಬೈಲು ಫೋನು ಇದ್ದೇ ಇರುವುದು. ಶಾಲೆಯಲ್ಲಿ ಒಂದೆರಡು ಕಂಪ್ಯೂಟರುಗಳೋ, ಗೋಡೆಗೆ ತೂಗುಹಾಕಿದ ಪರದೆಯೋ ಇರಬಹುದು. ಇವುಗಳಿಂದ ಸಾಧಿಸಬೇಕಾದುದೇನೆಂಬುದನ್ನು ಉಪಕರಣವನ್ನು ಮುಟ್ಟುವ ಮೊದಲೇ ಗೊತ್ತುಮಾಡಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಹೊಸ ಯಂತ್ರವೊಂದು ಬಂದಾಗಲೆಲ್ಲ ಶಾಲೆಯ ಸ್ವರೂಪವೇ ಬದಲಾಗುವುದೆಂದು ನಂಬುವುದು ಹಳೆಯ ವಾಡಿಕೆ. 1913ರಲ್ಲಿ ಥಾಮಸ್ ಎಡಿಸನ್ನನು, ಚಲನಚಿತ್ರದ ದೆಸೆಯಿಂದ ಶಾಲೆಗಳಲ್ಲಿ ಪುಸ್ತಕಗಳು ಬೇಗನೆ ಬಳಕೆ ತಪ್ಪುವುವೆಂದೂ ಹತ್ತು ವರ್ಷಗಳೊಳಗೆ ಶಾಲಾ ಪದ್ಧತಿಯೆಲ್ಲ ಮಾರ್ಪಡುವುದೆಂದೂ ಭವಿಷ್ಯ ನುಡಿದನು. ನೂರು ವರ್ಷಗಳು ಕಳೆದು ಹೋದವು. ಪುಸ್ತಕ ಇನ್ನೂ ಇದೆ. ದೊಡ್ಡ ಬುದ್ಧಿವಂತರೂ ಯಂತ್ರದ ಶಕ್ತಿಯನ್ನು ಕಂಡಷ್ಟು ಸ್ಪಷ್ಟವಾಗಿ ಕಲಿಕೆಯ ಸ್ವಭಾವವನ್ನು ಕಾಣಲಾರರೆಂಬುದಕ್ಕೆ ಇದೊಂದು ನಿದರ್ಶನ.

ಆದರೆ ನಮಗೆ ಅಮೆರಿಕದ ದೃಷ್ಟಾಂತವೇ ಬೇಕಾಗಿಲ್ಲ. ಜಗತ್ತಿನ ಗಮನವನ್ನೇ ಸೆಳೆದ ಅಂತಹದೊಂದು ಪ್ರಯೋಗ ರಾಯಚೂರು ಜಿಲ್ಲೆಯಲ್ಲಿಯೇ ನಡೆಯಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಒಂದು ವರ್ಷ ಕಾಲ, ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಪಾಠಗಳನ್ನು ಕಳುಹಿಸಲಾಯಿತು. 'ಸೈಟ್' ಎಂದು ಹೆಸರಾದ ಈ ಯೋಜನೆಗೆ ಕರ್ನಾಟಕದಲ್ಲಿ ಆರಿಸಿದ ಜಿಲ್ಲೆಗಳು ಮೂರು: ರಾಯಚೂರು, ಗುಲ್ಬರ್ಗ, ಬಿಜಾಪುರ. ಅಹಮದಾಬಾದಿನ ಭೂಕೇಂದ್ರದಿಂದ ಹೊರಟ ಸಂಕೇತ ಸುಮಾರು 36,000 ಕಿಲೋಮೀಟರು ಎತ್ತರದ ಉಪಗ್ರಹವನ್ನು ಮುಟ್ಟಿ, ಅಲ್ಲಿಂದ ಇಳಿದು, ಹಳ್ಳಿಯಲ್ಲಿ ತಂತಿಬಲೆಯಿಂದ ಮಾಡಿದ ಮೂರು ಮೀಟರು ಅಗಲದ ತಟ್ಟೆಯನ್ನು ಸೇರುತ್ತಿತ್ತು. ಬೆಳಿಗ್ಗೆ ಶಾಲಾಮಕ್ಕಳಿಗಾಗಿ ಕಾರ್ಯಕ್ರಮ, ಸಂಜೆ ಊರವರಿಗಾಗಿ ಕಾರ್ಯಕ್ರಮ. ಬೆಂಗಳೂರಿಗೇ ದೂರದರ್ಶನ ಬಾರದಿದ್ದ ದಿನಗಳಲ್ಲಿ ರಾಯಚೂರಿನ ಹಳ್ಳಿಯ ಮಕ್ಕಳು ಅದನ್ನು ಕನ್ನಡದಲ್ಲಿ ನೋಡಿದರು!

ಈ ಪ್ರಯೋಗದಿಂದ ನಾವು ಕಲಿಯಬೇಕಾದ ಸಂಗತಿಗಳು ಎರಡು. ಮೊದಲನೆಯದು, ಉಪಗ್ರಹ ಎರವಲಿನದು. ಗಡುವು ಮುಗಿದೊಡನೆ ಅದು ಹೊರಟುಹೋಯಿತು. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಆರಂಭವಾಯಿತಾದರೂ, ನೆಲದ ಮೇಲಿನ ಪ್ರಸಾರಕ್ಕೆ ಉಪಗ್ರಹದಷ್ಟು ದೂರದ ವ್ಯಾಪ್ತಿಯಿರಲಿಲ್ಲ. ಎರಡನೆಯದು, ಯೋಜನೆಯನ್ನು ರೂಪಿಸಿದವರು ಮಕ್ಕಳಿಗೆ ಪಾಠ ತೋರಿಸಿ ಸುಮ್ಮನಾಗಲಿಲ್ಲ. ಸುಮಾರು 50,000 ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ದೂರದರ್ಶನ, ರೇಡಿಯೊ, ಅಚ್ಚಾದ ಪಾಠ, ಕೈಯಾರೆ ಮಾಡುವ ಪ್ರಯೋಗ ಇವೆಲ್ಲವನ್ನೂ ಕೂಡಿಸಿ ವಿಜ್ಞಾನ ಬೋಧನೆಯ ತರಬೇತಿ ಕೊಟ್ಟರು. ಉಪಗ್ರಹ ಮರಳಿ ಹೋಗಬಹುದು; ಕಲಿತ ಉಪಾಧ್ಯಾಯ ಊರಿನಲ್ಲಿ ಉಳಿಯುವನು. ಈ ವಿವೇಕವನ್ನು ಅನಂತರದ ಅನೇಕ ಯೋಜನೆಗಳು ಅಷ್ಟಾಗಿ ಪಾಲಿಸಲಿಲ್ಲ. ಪೆಟ್ಟಿಗೆಗಳು ಬಂದವು, ಒಡೆದರೆ ಯಾರು ಹೊಣೆಯೆಂಬ ಭಯದಿಂದ ಅವು ಬೀರುವಿನಲ್ಲಿ ಬೀಗದೊಳಗೆ ಉಳಿದುದನ್ನು ಕಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಹಾಗಾದರೆ ನಾಳಿನ ಉಪಾಧ್ಯಾಯನ ಗುರಿಗಳು ಯಾವುವು? ನನ್ನ ಎಣಿಕೆಯಲ್ಲಿ ಅವು ಮೂರು.

ಮಕ್ಕಳು ಉಪಕರಣದಿಂದ ಅಳೆಯಬೇಕು. ಅದನ್ನು ಬರಿದೆ ನೋಡುತ್ತ ಕುಳಿತಿರಬಾರದು. ಇದು ಮೊದಲನೆಯ ಗುರಿ. ಭೌತಶಾಸ್ತ್ರ ಹೇಳುವವನಾದುದರಿಂದ ಅಲ್ಲಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಮೊಬೈಲಿನಲ್ಲಿ ಮೈಕ್ರೊಫೋನಿದೆ, ವೇಗೋತ್ಕರ್ಷವನ್ನೂ ಕಾಂತಕ್ಷೇತ್ರವನ್ನೂ ಗುರುತಿಸುವ ಸಂವೇದಕಗಳಿವೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ 'ಫೈಫಾಕ್ಸ್' ಎಂಬ ಉಚಿತ ತಂತ್ರಾಂಶ ಇವುಗಳನ್ನು ಅಳತೆಯ ಸಾಧನಗಳನ್ನಾಗಿ ಮಾರ್ಪಡಿಸುತ್ತದೆ. ಎರಡು ಫೋನುಗಳನ್ನು 5 ಮೀಟರು ಅಂತರದಲ್ಲಿಟ್ಟು, ಸದ್ದು ಕೇಳಿದೊಡನೆ ಓಡತೊಡಗಿ, ಮತ್ತೊಂದು ಸದ್ದಿಗೆ ನಿಲ್ಲುವ ಗಡಿಯಾರವನ್ನು ಎರಡರಲ್ಲಿಯೂ ತೆರೆಯಿರಿ. ಮೊದಲನೆಯ ಫೋನಿನ ಪಕ್ಕದಲ್ಲಿ ಒಬ್ಬ ಹುಡುಗಿ ಚಪ್ಪಾಳೆ ತಟ್ಟಲಿ. ಸ್ವಲ್ಪ ಹೊತ್ತಿನ ಮೇಲೆ ಎರಡನೆಯದರ ಪಕ್ಕದಲ್ಲಿ ಒಬ್ಬ ಹುಡುಗ ತಟ್ಟಲಿ. ಮೊದಲನೆಯ ಫೋನು ಬೇಗ ಆರಂಭಿಸಿ ತಡವಾಗಿ ನಿಲ್ಲುತ್ತದೆ. ಎರಡನೆಯದು ತಡವಾಗಿ ಆರಂಭಿಸಿ ಬೇಗ ನಿಲ್ಲುತ್ತದೆ. ಇವೆರಡು ಕಾಲಗಳ ವ್ಯತ್ಯಾಸವೇ ಶಬ್ದವು 10 ಮೀಟರು ಸಾಗಲು ಹಿಡಿದ ಕಾಲ. ಗಡಿಯಾರಗಳನ್ನು ಒಂದಕ್ಕೊಂದು ಹೊಂದಿಸುವ ತೊಡಕೇ ಇಲ್ಲ.

ಬೇಸಗೆಯಲ್ಲಿ, 40 ಡಿಗ್ರಿ ಬಿಸಿಲಿನಲ್ಲಿ, ಈ ವ್ಯತ್ಯಾಸ ಸುಮಾರು 0.028 ಸೆಕೆಂಡು ಬರಬೇಕು. ಎಂದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 355 ಮೀಟರು. ಪುಸ್ತಕದಲ್ಲಿ 343 ಎಂದಿದೆಯಲ್ಲ ಎಂದು ಮಗು ಕೇಳೀತು. ಪಾಠ ಆರಂಭವಾಗುವುದು ಆಗಲೇ. ಪುಸ್ತಕದ ಅಂಕಿ 20 ಡಿಗ್ರಿ ಉಷ್ಣತೆಯದು. ಬಿಸಿಗಾಳಿಯಲ್ಲಿ ಶಬ್ದ ವೇಗವಾಗಿ ಓಡುತ್ತದೆ. ಪುಸ್ತಕವೂ ಸರಿ, ಮಗುವೂ ಸರಿ. ಇಬ್ಬರ ನಡುವಣ 12 ಮೀಟರು ಆ ಊರಿನ ಬಿಸಿಲಿನ ಲೆಕ್ಕ. ತನ್ನ ಊರಿನ ಗಾಳಿಯ ಸತ್ಯವನ್ನು ತಾನೇ ಅಳೆದ ಮಗು ಮುಂದೆ ಯಾವ ಅಂಕಿಯನ್ನೂ ಕಣ್ಣು ಮುಚ್ಚಿ ನಂಬುವುದಿಲ್ಲ. ಇಂದು ಕನ್ನಡದಲ್ಲಿ ಕೇಳಿದರೂ ಚಿಟಿಕೆಯಲ್ಲಿ ಉತ್ತರಿಸುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಿವೆ. ಅವುಗಳ ಉತ್ತರವನ್ನು ಒರೆಗೆ ಹಚ್ಚುವ ಶಕ್ತಿ ಇಂತಹ ಅಳತೆಗಳಿಂದಲ್ಲದೆ ಬೇರೆಲ್ಲಿಂದ ಬರಬೇಕು?

ತರಗತಿಗೆ ಬಾರದ ಮಗುವನ್ನು ಮರೆಯದಿರುವುದು ಎರಡನೆಯ ಗುರಿ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ಈ ಸೀಮೆಯ ಮಕ್ಕಳು ಹೊಲದ ಪಾಲಾಗುವುದುಂಟು. ದುಡಿಮೆಗಾಗಿ ದೂರದ ನಗರಗಳಿಗೆ ಹೋಗುವ ತಂದೆತಾಯಿಗಳೊಡನೆ ತಾವೂ ಹೋಗುವುದುಂಟು. ಎರಡು ತಿಂಗಳು ತಪ್ಪಿದ ಮಗು ಮರಳಿ ಬಂದಾಗ ತರಗತಿ ಭಿನ್ನರಾಶಿಯನ್ನು ಮುಗಿಸಿ ಸಮೀಕರಣಕ್ಕೆ ಬಂದಿರುತ್ತದೆ. ಮಗು ಹಿಂದಿನ ಸಾಲಿನಲ್ಲಿ ಕೂರುತ್ತದೆ. ಅಲ್ಲಿಂದ ಬಾಗಿಲು ಹತ್ತಿರ. ಉಪಾಧ್ಯಾಯನು ತನ್ನದೇ ಧ್ವನಿಯಲ್ಲಿ, ಆ ಊರಿನ ಮಾತಿನಲ್ಲಿ, ಹತ್ತು ನಿಮಿಷದ ಪಾಠಗಳನ್ನು ಮುದ್ರಿಸಿ ಇಟ್ಟುಕೊಂಡರೆ ಆ ಮಗುವಿಗೆ ಮರಳಿ ಬರುವ ದಾರಿಯೊಂದು ಉಳಿಯುತ್ತದೆ. ಇದಕ್ಕೆ ಅಂತರಜಾಲ ಸದಾ ಇರಬೇಕಾಗಿಲ್ಲ. ಒಂದು ಫೋನಿನಿಂದ ಇನ್ನೊಂದಕ್ಕೆ ನಕಲು ಮಾಡಿಕೊಂಡರೆ ಸಾಕು. 2020ರಲ್ಲಿ ಕೋವಿಡ್ ದೆಸೆಯಿಂದ ಶಾಲೆಗಳು ಮುಚ್ಚಿದಾಗ ಫೋನಿಲ್ಲದ ಮನೆಯ ಮಗುವಿನ ಪಾಡೇನಾಯಿತೆಂಬುದನ್ನು ನಾವೆಲ್ಲ ನೋಡಿದ್ದೇವೆ. ಆದುದರಿಂದ ಪ್ರತಿ ಮನೆಯಲ್ಲೂ ಸಾಧನವಿದೆಯೆಂದು ಭಾವಿಸದೆ, ಶಾಲೆಯ ಸಾಧನವನ್ನೇ ಸಂಜೆ ಅರ್ಧ ಗಂಟೆ ಆ ಮಗುವಿಗೆ ಒಪ್ಪಿಸುವ ಧೈರ್ಯ ಬೇಕು.

ಮಗು ಎಲ್ಲಿ ಎಡವಿತೆಂಬುದನ್ನು ಆ ದಿನವೇ ತಿಳಿಯುವುದು ಮೂರನೆಯ ಗುರಿ. 2024ರಲ್ಲಿ ಹತ್ತನೆಯ ತರಗತಿಯ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಕಣ್ಗಾವಲು ಬಂದಿತು. ಹಿಂದಿನ ವರ್ಷ ನೂರಕ್ಕೆ 83.89ರಷ್ಟಿದ್ದ ಉತ್ತೀರ್ಣತೆ, ಕೃಪಾಂಕವನ್ನು ಹೆಚ್ಚಿಸಿಯೂ, 73.40ಕ್ಕೆ ಇಳಿಯಿತು. ಆ ವರ್ಷ ಯಾದಗಿರಿ, ಮರುವರ್ಷ ಕಲಬುರಗಿ ಪಟ್ಟಿಯ ಕೊನೆಯಲ್ಲಿ ನಿಂತವು. ಎರಡೂ ರಾಯಚೂರಿನ ನೆರೆಹೊರೆ. ನಕಲು ನಿಲ್ಲಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕಲಿಸುವ ಕೊಠಡಿಗೆ ಸರಿಯಾಗಿ ಬಾರದ ಯಂತ್ರ ಪರೀಕ್ಷಿಸುವ ಕೊಠಡಿಗೆ ಮೊದಲು ಬಂದಿತೆಂಬುದು ನಾವು ಯೋಚಿಸತಕ್ಕ ವಿಷಯ. ಹತ್ತು ವರ್ಷದ ಕೊನೆಗೆ ತಪ್ಪನ್ನು ಹಿಡಿಯುವ ಯಂತ್ರಕ್ಕಿಂತ, ಐದನೆಯ ತರಗತಿಯಲ್ಲಿ ಆ ತಪ್ಪು ಹುಟ್ಟಿದ ದಿನವೇ ಅದನ್ನು ತೋರಿಸುವ ಯಂತ್ರ ನೂರು ಪಾಲು ಮೇಲು. ದಿನಕ್ಕೆ ಮೂರು ಚಿಕ್ಕ ಪ್ರಶ್ನೆಗಳು, ಉತ್ತರಗಳ ಒಂದು ಪಟ್ಟಿ; ಅದನ್ನು ನೋಡಿ ಮರುದಿನದ ಪಾಠವನ್ನು ತಿದ್ದಿಕೊಳ್ಳುವ ಉಪಾಧ್ಯಾಯ. ಇಷ್ಟಕ್ಕೆ ಸಾಮಾನ್ಯ ಫೋನೇ ಸಾಕು.

ಇಲ್ಲೊಂದು ಆಕ್ಷೇಪಣೆ ಬರಬಹುದು: ಕೊಠಡಿ ಸೋರುವಲ್ಲಿ, ಉಪಾಧ್ಯಾಯರ ಹುದ್ದೆ ಖಾಲಿಯಿರುವಲ್ಲಿ, ಉಪಕರಣದ ಮಾತೇಕೆ? ಆಕ್ಷೇಪಣೆ ನ್ಯಾಯವಾದುದೇ. ಖಾಲಿ ಹುದ್ದೆಗೆ ಪರದೆ ಬದಲಿಯಾಗಲಾರದು. ಹಾಗೆಂದು ಯಾರಾದರೂ ಹೇಳಿದರೆ ಅದನ್ನು ಮೊದಲು ವಿರೋಧಿಸಬೇಕಾದವನು ಉಪಾಧ್ಯಾಯನೇ. ಆದರೆ ನ್ಯೂನತೆಗಳೆಲ್ಲ ತೀರಿದ ಮೇಲೆ ಉಪಕರಣ ಬರಲಿ ಎಂದು ಕಾಯುತ್ತ ಕುಳಿತರೆ, ಈಗ ಐದನೆಯ ತರಗತಿಯಲ್ಲಿರುವ ಮಗು ನಮಗಾಗಿ ಕಾಯುವುದಿಲ್ಲ.

ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂದಿತು. ಆ ಕಾಲದ ಅತ್ಯುತ್ತಮ ಪ್ರಸಾರ ಸಾಧನ ಅದು, ಇಂದಿಗೂ ಅಳಿದಿಲ್ಲ. ಆದರೂ ಓದಿ ಹೇಳುವವರಿಲ್ಲದೆ ಅದು ಎಷ್ಟೋ ಶತಮಾನಗಳ ಕಾಲ ಬರಿಯ ಕಲ್ಲಾಗಿ ಬಿದ್ದಿತ್ತು. ಇಂದಿನ ಸಾಧನಗಳಿಗೆ ಕಲ್ಲಿನ ಆಯುಸ್ಸೂ ಇಲ್ಲ. ಐದು ವರ್ಷದಲ್ಲಿ ಅವು ಹಳತಾಗುವುವು. ಆದುದರಿಂದ, ನಾಳೆ ಉಪಾಧ್ಯಾಯರಾಗುವ ವಿದ್ಯಾರ್ಥಿಮಿತ್ರರೇ, ಇಂದೇ ನಿಮ್ಮ ಫೋನನ್ನು ಅಳತೆಯ ಸಾಧನವಾಗಿ ಬಳಸಲು ಕಲಿಯಿರಿ. ಇಬ್ಬರು ಗೆಳೆಯರು, ಐದು ಮೀಟರು ನೆಲ, ಎರಡು ಚಪ್ಪಾಳೆ ಇಷ್ಟಿದ್ದರೆ ಮೊದಲನೆಯ ಪಾಠ ಆಯಿತು.