ತಲೆಯೆತ್ತಿ ನೋಡುವ ಮಕ್ಕಳು

ಆಕಾಶದಲ್ಲಿ ರೆಕ್ಕೆ ಬಿಚ್ಚಿ ಮಡಚುವ ಹಕ್ಕಿಗಳ ಕಡೆಗೆ ಪವಿತ್ರ ಕುರ್‌ಆನಿನ ಅಲ್ ಮುಲ್ಕ್ ಅಧ್ಯಾಯವು ನಮ್ಮ ಗಮನ ಸೆಳೆಯುತ್ತದೆ. ಅದನ್ನು ಪ್ರತಿರಾತ್ರಿ ಪಠಿಸುವ ಮನೆಗಳು ನಮ್ಮಲ್ಲಿ ಅನೇಕ. ಆದರೆ ಆ ಮನೆಯ ಮಕ್ಕಳಿಗೆ ಮೇಲೆ ಹಾರುವುದೆಲ್ಲವೂ ‘ಹದ್ದು’. ಹಿರಿಯರ ಉರ್ದುವಿನಲ್ಲಿ ಚೀಲ್, ಬಾಜ್, ಶಿಕ್ರಾ ಎಂಬ ಭೇದವಿತ್ತು; ಕನ್ನಡದಲ್ಲಿಯೂ ಗಿಡುಗ, ಗರುಡ, ರಣಹದ್ದು ಎಂಬ ಹೆಸರುಗಳಿವೆ. ನೋಡುವ ಅಭ್ಯಾಸ ತಪ್ಪಿದ್ದರಿಂದಲೇ ಹೆಸರುಗಳೂ ತಪ್ಪಿಹೋದವೆಂದು ನಾವು ಭಾವಿಸುತ್ತೇವೆ.

ರಾಮನಗರದ ರಾಮದೇವರಬೆಟ್ಟದ ಹಾದಿಯನ್ನೇ ನೋಡಿರಿ. 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾದ, ಸುಮಾರು 346 ಹೆಕ್ಟೇರ್ ವಿಸ್ತಾರದ ಬಂಡೆಬೆಟ್ಟವದು. ಬಾಲ ಕವಲೊಡೆದಿದ್ದರೆ ಊರ ಹದ್ದು. ತಲೆ ಬೆಳ್ಳಗಿದ್ದು ಮೈ ಇಟ್ಟಿಗೆಗೆಂಪಾಗಿದ್ದರೆ ಗರುಡ. ನಾಲ್ಕು ಬಾರಿ ಬಿರುಸಾಗಿ ರೆಕ್ಕೆ ಬಡಿದು ತೇಲಿದರೆ ಶಿಕ್ರಾ. ಪೊದೆಗಳಲ್ಲಿ ಹಳದಿ ಕೊರಳಿನ ಪಿಕಳಾರವೂ ಉಂಟು, ಆದರೆ ಅದು ಬಹಳ ನಾಚಿಕೆಯ ಹಕ್ಕಿ.

ಉದ್ದಕೊಕ್ಕಿನ ರಣಹದ್ದು ಕಡಿದಾದ ಬಂಡೆಯ ಅಂಚಿನಲ್ಲಿ ಗೂಡು ಕಟ್ಟಿ, ಒಂದೇ ಮೊಟ್ಟೆ ಇಡುತ್ತದೆ. ಡೈಕ್ಲೋಫೆನಾಕ್ ಎಂಬ ನೋವುನಿವಾರಕವನ್ನು ಕೊಟ್ಟ ಜಾನುವಾರು ಸತ್ತು, ಅದರ ಮಾಂಸವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು; ದೇಶದಾದ್ಯಂತ ಈ ಸಂತತಿ ಕುಸಿಯಿತು. ಪಶುಗಳಿಗೆ ಆ ಔಷಧವನ್ನು 2006ರಲ್ಲಿ ನಿಷೇಧಿಸಲಾಯಿತು. ಆದರೂ ಮನುಷ್ಯರಿಗೆಂದು ಬಂದ ದೊಡ್ಡ ಸೀಸೆಗಳು ಕೊಟ್ಟಿಗೆಗೆ ತಲುಪುತ್ತಿದ್ದುದರಿಂದ 2015ರಲ್ಲಿ ಅವುಗಳನ್ನೂ ತಡೆಯಬೇಕಾಯಿತು. ದನ ಸಾಕುವ ನಮ್ಮ ಬಂಧುಗಳು ಪಶುವೈದ್ಯರಲ್ಲಿ ಮೆಲಾಕ್ಸಿಕ್ಯಾಮ್ ಕೇಳಿ ಪಡೆಯುವುದು ಒಳಿತು. ಅದು ರಣಹದ್ದಿಗೆ ಅಪಾಯವಲ್ಲ. ಸತ್ತುದನ್ನು ತಿಂದು ನೆಲವನ್ನು ಶುಚಿಗೊಳಿಸುವ ಜೀವಿಯನ್ನು ಅಪಶಕುನವೆನ್ನುವ ಮಾತನ್ನು ಮಕ್ಕಳ ಕಿವಿಗೆ ಹಾಕಬಾರದು. ಶಕುನ ನೋಡುವುದೇ ನಮ್ಮ ಧರ್ಮದಲ್ಲಿಲ್ಲ.

ಇದೆಲ್ಲ ಕಾಲಹರಣವೆನ್ನುವವರಿದ್ದಾರೆ. ಮೊಬೈಲಿನಲ್ಲಿ ಹಾಡು ಹಾಕಿಕೊಂಡು, ಕೋತಿಗಳಿಗೆ ಚಿಪ್ಸ್ ಎಸೆಯುತ್ತಾ, ಬಂಡೆಗಳಿಗೆ ಕೂಗಿ ಪ್ರತಿಧ್ವನಿ ಕೇಳುತ್ತಾ ಮೆಟ್ಟಿಲೇರುವ ವಿಹಾರವನ್ನು ಮಾತ್ರ ಅವರು ಕಾಲಹರಣವೆನ್ನುವುದಿಲ್ಲ! ಗೂಡಿನ ಕಾಲವಾದ ಚಳಿಗಾಲದಲ್ಲಿ ಆ ಕೂಗು ಬಂಡೆಯಂಚಿಗೂ ತಲುಪುತ್ತದೆ.

ಫಜ್ರ್ ನಮಾಝ್ ಮುಗಿಸಿ ಧಾವಿಸಿದವರು ಬರಿದಾದ ಆಕಾಶ ಕಂಡು ನಿರಾಶರಾಗುವುದುಂಟು. ಭಾರದ ಹಕ್ಕಿಗಳು ಬಂಡೆ ಕಾಯುವವರೆಗೂ ಮೇಲೇಳುವುದಿಲ್ಲ. ಬಿಸಿಗಾಳಿ ಏರತೊಡಗಿದ ಮೇಲೆಯೇ ಅವು ಸುತ್ತು ಹಾಕತೊಡಗುತ್ತವೆ. ಆದ್ದರಿಂದ ಬೆಳಗಿನ ಹೊತ್ತನ್ನು ಪಿಕಳಾರಕ್ಕೆ ಬಿಟ್ಟು, ಬಿಸಿಲೇರುವವರೆಗೆ ನೆರಳಿನಲ್ಲಿ ಕುಳಿತಿರಿ. ಒಂದು ದುರ್ಬೀನು ಇದ್ದರೆ ನಾಲ್ಕು ಮಕ್ಕಳಿಗೆ ಸಾಕು.